ಗಿಳಿಗಳೊಡನೆ ನಾಲ್ಕು ದಶಕ

ಬಿಸಿಲೆ ಎಂಬ ಹೆಸರನ್ನು ಕೇಳಿದವರು ಇಲ್ಲಿ ಬಿಸಿಲು ಬಹಳವೆಂದು ಭಾವಿಸುವುದುಂಟು. ವಾಸ್ತವದಲ್ಲಿ ವರ್ಷದ ನಾಲ್ಕು ತಿಂಗಳು ಸೂರ್ಯನ ಮುಖವನ್ನು ಅಪರೂಪಕ್ಕೆ ಕಾಣುವ ಸೀಮೆಯಿದು. ಸಕಲೇಶಪುರದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ರಸ್ತೆಯಲ್ಲಿ ಪ್ರಯಾಣ ಮಾಡಿದ ಬಂಧುಗಳು ಇಲ್ಲಿನ ದಟ್ಟ ಅಡವಿಯನ್ನೂ, ಎದುರಿಗೆ ಸಾಲುಗಟ್ಟಿ ನಿಂತ ಕುಮಾರಪರ್ವತ, ಏಣಿಕಲ್ಲು ಬೆಟ್ಟ, ದೊಡ್ಡಬೆಟ್ಟಗಳನ್ನೂ ಕಂಡಿರಬಹುದು. ಇದೇ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಮಳೆಯ ನೀರು ಎರಡು ಪಾಲಾಗುವ ದಿಣ್ಣೆಯೊಂದಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಹನಿ ಹೇಮಾವತಿಯನ್ನು ಸೇರಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದ ಹನಿ ಕುಮಾರಧಾರಾ, ನೇತ್ರಾವತಿಗಳ ದಾರಿ ಹಿಡಿದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹೀಗೆ ಎರಡು ಕಡಲಿಗೆ ನೀರು ಹಂಚುವ ಈ ನಾಡಿನ ಒಂದು ಕಾಫಿ ತೋಟದ ಮನೆಗೆ ಮೂರು ಖಂಡಗಳ ಗಿಳಿಗಳು ಬಂದು ಸೇರಿದ ವೃತ್ತಾಂತವನ್ನು ಓದುಗ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು. ಇದರಲ್ಲಿ ನಮ್ಮ ತಪ್ಪುಗಳೂ ಇವೆ. ಅವನ್ನು ಮರೆಮಾಚಿ ಬರೆದರೆ ಬರೆದು ಪ್ರಯೋಜನವಿಲ್ಲ.

ಮೊದಲಿಗೆ ಯಾರೂ ಸಾಕದ, ಯಾರ ಹಂಗೂ ಇಲ್ಲದ ಗಿಳಿಗಳ ಮಾತು. ನಮ್ಮ ತೋಟದ ಹಾಲುವಾಣದ ಮರಗಳು ಚಳಿಗಾಲ ಮುಗಿಯುವ ಹೊತ್ತಿಗೆ ಎಲೆ ಕಳಚಿ ಕೆಂಪು ಹೂ ತಳೆಯುತ್ತವೆ. ಆಗ ಮುಂಜಾನೆ ಕಣದಲ್ಲಿ ನಿಂತರೆ ಕಿವಿಗಡಚಿಕ್ಕುವ ಕೂಗು. ಬರುವವು ಬಹುಮಟ್ಟಿಗೆ ನೀಲಿ ರೆಕ್ಕೆಯ ಗಿಳಿಗಳು. ಮಲಬಾರ್ ಗಿಳಿ ಎಂದೂ ಇವಕ್ಕೆ ಹೆಸರುಂಟು. ತಲೆ, ಎದೆ, ಬೆನ್ನು ಬೂದುಬಣ್ಣ. ರೆಕ್ಕೆ, ಬಾಲಗಳು ನೀಲಿ. ಬಾಲದ ತುದಿ ಹಳದಿ. ಗಂಡಿನ ಕೊಕ್ಕು ಕೆಂಪು, ಹೆಣ್ಣಿನದು ಕಪ್ಪು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಈ ಹಕ್ಕಿ ಇಲ್ಲವೆಂಬುದು ನಮಗೆ ಐವತ್ತು ವರ್ಷ ವಯಸ್ಸಾಗುವವರೆಗೆ ತಿಳಿದಿರಲಿಲ್ಲ. ಗದ್ದೆಯಲ್ಲಿ ಭತ್ತ ಹಾಲುಗಟ್ಟುವಾಗ ಬಂದು ಮಕ್ಕಳ ಕೈಗೆ ಕವಣೆ ಹಿಡಿಸುತ್ತಿದ್ದವು ಬೇರೆ, ಅವು ಕೆಂದಲೆ ಗಿಳಿಗಳು. ಗುಬ್ಬಿಯ ಗಾತ್ರದ ಮತ್ತೊಂದು ಜಾತಿಯೂ ಇಲ್ಲಿದೆ. ಚಿಟ್ಟುಗಿಳಿ ಎಂದು ಕರೆಯುವ ಅದು ರಾತ್ರಿ ಬಾವಲಿಯಂತೆ ತಲೆಕೆಳಗಾಗಿ ಜೋತುಕೊಂಡು ನಿದ್ರಿಸುತ್ತದೆ. ಗೂಡಿಗೆ ಬೇಕಾದ ಎಲೆಯ ಚೂರುಗಳನ್ನು ಕೊಕ್ಕಿನಲ್ಲಿ ಹೊರದೆ ಸೊಂಟದ ಗರಿಗಳ ನಡುವೆ ಸಿಕ್ಕಿಸಿಕೊಂಡು ಒಯ್ಯುತ್ತದೆ. ಊರವರೆಲ್ಲ ಗಿಳಿಯೆಂದರೆ ಮನಸ್ಸಿಗೆ ತಂದುಕೊಳ್ಳುವ, ಕೆಂಪು ಕೊಕ್ಕಿನ, ಕೊರಳಿಗೆ ಗುಲಾಬಿ ಪಟ್ಟಿಯ ಹಸಿರು ಗಿಳಿಯನ್ನು ಕಾಣಬೇಕಾದರೆ ನಾವು ಆಲೂರು, ಹಾಸನಗಳ ಬಯಲಿನ ಕಡೆಗೆ ಹೋಗಬೇಕು.

ಅಂತಹ ಬಯಲಿನ ಗಿಳಿಯೊಂದು ನಮ್ಮ ಮನೆಗೆ ಬಂದ ಮೊದಲನೆಯ ಗಿಳಿ. 1986ರಲ್ಲಿ ನಮ್ಮ ತಂದೆಯವರು ಸಕಲೇಶ್ವರ ಸ್ವಾಮಿಯ ಜಾತ್ರೆಗೆ ಹೋಗಿದ್ದಾಗ ಗಿಳಿಶಾಸ್ತ್ರ ಹೇಳುವವನೊಬ್ಬ ಮರದ ಪುಟ್ಟ ಪೆಟ್ಟಿಗೆಯಿಂದ ಅದನ್ನು ಹೊರಗೆ ಬಿಟ್ಟು, ಚೀಟಿ ಎತ್ತಿಸಿ, ಒಂದು ಭತ್ತದ ಕಾಳು ಕೊಟ್ಟು ಮತ್ತೆ ಒಳಗೆ ತಳ್ಳುತ್ತಿದ್ದನಂತೆ. ಅದರ ಒಂದು ರೆಕ್ಕೆಯ ಕೀಲು ಮುರಿದು ಜೋತುಬಿದ್ದಿತ್ತು. ತಂದೆಯವರಿಗೆ ಭವಿಷ್ಯದಲ್ಲಿ ನಂಬಿಕೆಯಿರಲಿಲ್ಲ; ಆದರೆ ಹಕ್ಕಿಯ ಸ್ಥಿತಿ ನೋಡಲಾಗಲಿಲ್ಲ. ಕೇಳಿದಷ್ಟು ಹಣ ಕೊಟ್ಟು ಪೆಟ್ಟಿಗೆಯ ಸಮೇತ ತಂದರು. ಮನೆಯಲ್ಲಿ ಅದಕ್ಕೆ ‘ಶಾಸ್ತ್ರಿ’ ಎಂದೇ ಹೆಸರಾಯಿತು.

ಶಾಸ್ತ್ರಿಯ ಹಿಂದಿನ ಬಾಳು ಅದನ್ನು ಎಂದೂ ಬಿಟ್ಟುಹೋಗಲಿಲ್ಲ. ಮೇಜಿನ ಮೇಲೆ ಕಾಗದ ಕಂಡರೆ ಸಾಕು, ಓಡಿಹೋಗಿ ಒಂದನ್ನು ಕೊಕ್ಕಿನಿಂದ ಎಳೆದು ನಮ್ಮ ಮುಂದೆ ಹಾಕಿ, ಕತ್ತು ಓರೆ ಮಾಡಿ ಕಾಯುತ್ತಿತ್ತು. ಕಾಳು ಕೊಡುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಅಂಚೆಯಲ್ಲಿ ಬಂದ ಮದುವೆಯ ಕರೆಯೋಲೆ, ಮಠದ ಪತ್ರ, ಕಾಫಿ ಮಂಡಳಿಯ ಲಕೋಟೆ ಎಲ್ಲವೂ ಮೊದಲು ಶಾಸ್ತ್ರಿಯ ಕೊಕ್ಕನ್ನು ದಾಟಿಯೇ ನಮಗೆ ತಲುಪಬೇಕು. ಬಂದ ನೆಂಟರು ನಗುತ್ತಿದ್ದರು, ನಾವೂ ನಕ್ಕಿದ್ದೇವೆ. ನಮ್ಮ ತಾಯಿಯವರು ಮಾತ್ರ ನಗುತ್ತಿರಲಿಲ್ಲ. ಸಂಜೆ ಕಾಡಿನ ಗಿಳಿಗಳ ಹಿಂಡು ಮನೆಯ ಮೇಲೆ ಹಾದುಹೋಗುವಾಗ ಶಾಸ್ತ್ರಿ ಪಂಜರದ ಒಂದು ಕೊನೆಗೆ ಓಡಿ, ಇದ್ದೊಂದು ರೆಕ್ಕೆಯನ್ನು ಬಡಿಯುತ್ತ ಕೂಗುತ್ತಿದ್ದುದನ್ನು ಪ್ರತಿದಿನವೂ ನೋಡುತ್ತಿದ್ದವರು ಅವರೊಬ್ಬರೇ. ಆ ಹಿಂಡು ಅದರ ಜಾತಿಯದೂ ಅಲ್ಲ, ಆದರೂ ಕೂಗುತ್ತಿತ್ತು.

ಮರುವರ್ಷದ ಜಾತ್ರೆಯಲ್ಲಿ ತಂದೆಯವರು ಅದೇ ಮನುಷ್ಯನನ್ನು ಕಂಡರು. ಅದೇ ಜಾಗ, ಹೊಸ ಪೆಟ್ಟಿಗೆ, ಹೊಸ ಗಿಳಿ. ನಾವು ಕನಿಕರದಿಂದ ಕೊಟ್ಟ ಹಣ ಇನ್ನೊಂದು ಪೊಟರೆಯ ಮರಿಗೆ ಬೆಲೆಯಾಗಿತ್ತು. ಮನೆಗೆ ಬಂದು ತಂದೆಯವರು ಎರಡು ದಿನ ಶಾಸ್ತ್ರಿಯ ಪಂಜರದ ಹತ್ತಿರ ಸುಳಿಯಲಿಲ್ಲ. ಮರಿಗಳನ್ನು ಮರದ ಪೊಟರೆಯಿಂದ ಕಿತ್ತು ತರುವ ಈ ಕ್ರೌರ್ಯ ಇಂದಿನದಲ್ಲ. ಏಳನೆಯ ಶತಮಾನದಲ್ಲಿ ಬಾಣಭಟ್ಟನು ರಚಿಸಿದ, ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯಲ್ಲಿ ಕಥೆ ಹೇಳುವ ವೈಶಂಪಾಯನನೆಂಬ ಗಿಳಿಯೇ ಬೇಡನೊಬ್ಬ ಬೂರುಗದ ಮರವನ್ನೇರಿ ತನ್ನ ಬಳಗವನ್ನು ಕೊಂದ ಬಗೆಯನ್ನು ವಿವರಿಸುತ್ತದೆ. ನಮ್ಮ ದೇಶದ ಗಿಳಿಗಳೆಲ್ಲವೂ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಕಾಡುಹಕ್ಕಿಗಳ ವ್ಯಾಪಾರವನ್ನು 1990ರ ದಶಕದ ಆರಂಭದಲ್ಲಿಯೇ ನಿಷೇಧಿಸಲಾಗಿದೆ. ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ‘ಎಲ್ಲರ ಮನೆಯಲ್ಲೂ ಇದೆಯಲ್ಲ’ ಎನ್ನುವವರಿಗೆ ನಾವು ಹೇಳುವುದಿಷ್ಟೆ: ನಮ್ಮ ಮನೆಯಲ್ಲೂ ಇತ್ತು, ಅದು ತಪ್ಪಾಗಿತ್ತು. ಶಾಸ್ತ್ರಿ 2009ರವರೆಗೆ ಬದುಕಿತು.

ಈ ನಡುವೆ 2003ರಲ್ಲಿ ಮಗಳು ಹಾಸನದ ವಸತಿಗೃಹದಿಂದ ರಜೆಗೆ ಬರುವಾಗ ಪೆಟ್ಟಿಗೆಯೊಂದರಲ್ಲಿ ನಾಲ್ಕು ಪುಟ್ಟ ಹಕ್ಕಿಗಳನ್ನು ತಂದಳು. ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಹೇಳಿ ಮಾರಿದ್ದರು. ನಿಜವಾಗಿ ಅವು ಬಜರಿಗಾರ್‌ಗಳು. ಲವ್ ಬರ್ಡ್ ಎಂಬುದು ಆಫ್ರಿಕಾದ ಬೇರೆಯೇ ಗಿಳಿ. ಬಜರಿಗಾರ್ ಆಸ್ಟ್ರೇಲಿಯಾದ ಒಣನಾಡಿನ ಹುಲ್ಲುಗಾವಲಿನದು. 1840ರಲ್ಲಿ ಅದು ಯುರೋಪಿಗೆ ಹೋಯಿತು. ಅಲ್ಲಿಂದ ಮುಂದೆ ಪಂಜರದಲ್ಲಿಯೇ ತಲೆಮಾರುಗಳನ್ನು ಕಳೆದು, ಹಸಿರು ಹಕ್ಕಿಗೆ ನೀಲಿ, ಬಿಳಿ, ಹಳದಿ ಬಣ್ಣಗಳೆಲ್ಲ ಬಂದವು. ನವಣೆ, ಸಜ್ಜೆ ಹಾಕಿದರೆ ಸಾಕು, ಬೆಳಗಿನಿಂದ ಸಂಜೆಯವರೆಗೆ ಚಿಲಿಪಿಲಿ. ಇಂತಹ ನಿರುಪದ್ರವಿ ಜೀವಿಗಳಿಗೆ ಅನಾಹುತ ತಂದವರು ನಾವೇ.

ಕಾಫಿ ತೋಟಗಳಿರುವ ಮನೆಗಳಲ್ಲಿ ಬೆಣ್ಣೆಹಣ್ಣಿಗೆ ಬರವಿಲ್ಲವಷ್ಟೆ. ಮಾಗಿದ ಹಣ್ಣನ್ನು ನಾಯಿ ತಿನ್ನುತ್ತದೆ, ದನ ತಿನ್ನುತ್ತದೆ, ನಾವಂತೂ ಸಕ್ಕರೆ ಬೆರೆಸಿ ತಿನ್ನುತ್ತೇವೆ. ಒಂದು ಮಧ್ಯಾಹ್ನ ಪ್ರೀತಿಯಿಂದಲೇ ಒಂದು ಹೋಳನ್ನು ಪಂಜರದೊಳಗಿಟ್ಟೆವು. ಮರುದಿನ ಬೆಳಗಿನ ಹೊತ್ತಿಗೆ ನಾಲ್ಕರಲ್ಲಿ ಮೂರು ಹಕ್ಕಿಗಳು ಕೆಳಗೆ ಬಿದ್ದಿದ್ದವು. ಬೆಣ್ಣೆಹಣ್ಣಿನಲ್ಲಿರುವ ಒಂದು ಬಗೆಯ ಅಂಶ ಹಕ್ಕಿಗಳ ಹೃದಯಕ್ಕೆ ವಿಷವೆಂದು ಪಶುವೈದ್ಯರು ಆಮೇಲೆ ತಿಳಿಸಿದರು. ಕಾಫಿಯೂ ಅವಕ್ಕೆ ಸಲ್ಲದು, ಚಾಕೊಲೇಟೂ ಸಲ್ಲದು. ಅಂಟದಿರಲೆಂದು ಲೇಪ ಹಚ್ಚಿದ ಬಾಣಲೆಯನ್ನು ಒಲೆಯ ಮೇಲೆ ಬರಿದೆ ಕಾಯಲು ಬಿಟ್ಟರೆ ಅದರಿಂದೇಳುವ ಹೊಗೆಯೂ ಮನೆಯ ಗಿಳಿಯನ್ನು ಕೊಲ್ಲಬಲ್ಲದು. ತಟ್ಟೆಯ ಚೂರು, ಲೋಟದ ಗುಟುಕು ಹಂಚಿಕೊಳ್ಳುವುದೇ ಅಕ್ಕರೆಯೆಂದು ತಿಳಿದ ನಮ್ಮಂತಹ ಮನೆಗಳವರು ಇದನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡುವುದು ಲೇಸು. ಮಗಳು ನಮ್ಮೊಡನೆ ಒಂದು ವಾರ ಮಾತಾಡಲಿಲ್ಲ. ಉಳಿದ ಒಂದು ಹಕ್ಕಿ ಕನ್ನಡಿಯ ಎದುರು ಕುಳಿತು ತನ್ನ ಪ್ರತಿಬಿಂಬಕ್ಕೇ ಕಾಳು ತಿನ್ನಿಸಲು ಹೋಗುತ್ತಿತ್ತು.

ಶಾಸ್ತ್ರಿ ತೀರಿದ ಮೇಲೆ ಬಂದ ಒಂದು ಜೊತೆ ಕಾಕಟೀಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜುಟ್ಟಿನ, ಕೆನ್ನೆಗೆ ಕಿತ್ತಳೆ ಬೊಟ್ಟಿನ ಈ ಹಕ್ಕಿಗಳೂ ಆಸ್ಟ್ರೇಲಿಯಾದವೇ; ಮಂಗಳೂರಿನ ಸ್ನೇಹಿತರೊಬ್ಬರು ವರ್ಗಾವಣೆಯಾದಾಗ ನಮಗೆ ಒಪ್ಪಿಸಿಹೋದವು. ಸಾಧು ಸ್ವಭಾವ. ಆದರೆ ಕತ್ತಲೆಯಲ್ಲಿ ಸಪ್ಪಳವಾದರೆ ಬೆದರಿ, ಪಂಜರದ ಸರಳುಗಳಿಗೆ ಬಡಿದುಕೊಂಡು ರಕ್ತ ಸುರಿಸುವುದು ಈ ಜಾತಿಯ ದೌರ್ಬಲ್ಯ. ಆಲೂರು, ಸಕಲೇಶಪುರ ತಾಲ್ಲೂಕುಗಳ ತೋಟಗಳಲ್ಲಿ ರಾತ್ರಿಯೆಂದರೆ ಆನೆ ಓಡಿಸುವ ಪಟಾಕಿಯ ಸದ್ದು! ಪಕ್ಕದ ತೋಟದವರು ಸಿಡಿಸಿದ ಪ್ರತಿ ಪಟಾಕಿಗೂ ಇಲ್ಲಿ ಎರಡು ಜೀವಗಳು ಹಾರಿಬೀಳುತ್ತಿದ್ದವು. ಕೊನೆಗೆ ಪಂಜರವನ್ನು ನಡುಮನೆಗೆ ತಂದು, ಪೂಜೆಯ ಕೋಣೆಯ ಸಣ್ಣ ದೀಪದ ಬೆಳಕು ರಾತ್ರಿಯಿಡೀ ಅದರ ಮೇಲೆ ಬೀಳುವಂತೆ ಇಟ್ಟ ಮೇಲೆ ಸಮಾಧಾನವಾಯಿತು. ಕಣ್ಣಿಗೆ ಸುತ್ತಲಿನದು ಕಂಡರೆ ಅವು ಅಷ್ಟು ಹೆದರುವುದಿಲ್ಲ.

ಈಗ ಚಿನ್ನುವಿನ ಕಥೆಗೆ ಬರೋಣ.

2014ರಲ್ಲಿ ಬೆಂಗಳೂರಿನ ನಮ್ಮ ಹತ್ತಿರದ ನೆಂಟರೊಬ್ಬರು ಲಿಂಗೈಕ್ಯರಾದರು. ಪತ್ನಿ ಮೊದಲೇ ಹೋಗಿದ್ದರು, ಮಗಳು ವಿದೇಶದಲ್ಲಿ. ಎತ್ತರದ ಕಟ್ಟಡವೊಂದರ ಮನೆಯಲ್ಲಿ ಅವರಿಗೆ ಕೊನೆಯ ಹತ್ತು ವರ್ಷ ಸಂಗಾತಿಯಾಗಿದ್ದುದು ಆಫ್ರಿಕಾದ ಬೂದು ಗಿಳಿ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕೆಂಡದಂತೆ ಕೆಂಪು. ಕ್ರಿಯಾಸಮಾಧಿಯಾದ ಮೂರನೆಯ ದಿನ ‘ಇದನ್ನೇನು ಮಾಡುವುದು?’ ಎಂಬ ಪ್ರಶ್ನೆ ಬಂದಾಗ ನಮ್ಮ ತಾಯಿಯವರು, “ವಿಭೂತಿ ಬಳ್ಕೊಂಡಂಗೆ ಐತಲ್ಲ, ನಮ್ಮನೇಲೇ ಇರ್ಲಿ ಬಿಡು,” ಎಂದುಬಿಟ್ಟರು. ಅವರಿಗೆ ಆಗ ಎಪ್ಪತ್ತೆಂಟು. ಚಿನ್ನು ಎಂಬ ಹೆಸರನ್ನು ನಾವು ಬದಲಾಯಿಸಲಿಲ್ಲ. ತನ್ನದೆಲ್ಲವನ್ನೂ ಕಳೆದುಕೊಂಡು ಬಂದ ಪ್ರಾಣಿಯಿಂದ ಹೆಸರನ್ನೂ ಕಿತ್ತುಕೊಳ್ಳುವುದು ಸರಿಯೆನಿಸಲಿಲ್ಲ.

ಬಂದ ಒಂದು ತಿಂಗಳು ಚಿನ್ನು ಒಂದು ಸೊಲ್ಲೂ ಆಡಲಿಲ್ಲ. ಬೇರೆ ಹಕ್ಕಿಗಳಿಗೆ ರೋಗ ತಗಲಬಾರದೆಂದು ವೈದ್ಯರ ಮಾತಿನಂತೆ ನಲವತ್ತು ದಿನ ಪ್ರತ್ಯೇಕ ಕೋಣೆಯಲ್ಲಿಟ್ಟಿದ್ದೆವು. ಆ ಕೋಣೆಯಲ್ಲಿ ಕುಳಿತು ಅದು ಎದೆಯ ಗರಿಗಳನ್ನು ಒಂದೊಂದಾಗಿ ಕಿತ್ತುಕೊಳ್ಳತೊಡಗಿತು. ಮುಲಾಮು ಹಚ್ಚಿದೆವು, ಉಪಯೋಗವಾಗಲಿಲ್ಲ. ಇದು ಚರ್ಮದ ರೋಗವಲ್ಲ, ಒಂಟಿತನದ್ದೆಂದು ಅರ್ಥವಾದ ಮೇಲೆ ತಾಯಿಯವರು ದಿನಕ್ಕೆ ಮೂರು ಹೊತ್ತು ಅದರ ಬಳಿ ಕುಳಿತು ಅವರೆಕಾಯಿ ಸುಲಿಯುವುದು, ಬತ್ತಿ ಹೊಸೆಯುವುದು ಮಾಡಿದರು. ಮುಟ್ಟುತ್ತಿರಲಿಲ್ಲ, ಮಾತಾಡಿಸುತ್ತಲೂ ಇರಲಿಲ್ಲ, ಸುಮ್ಮನೆ ಇರುತ್ತಿದ್ದರು. ಐದನೆಯ ವಾರದಲ್ಲಿ ಒಂದು ಸಂಜೆ ಆ ಕೋಣೆಯಿಂದ ಲಿಫ್ಟಿನ ಗಂಟೆಯ ಸದ್ದು ಬಂತು! ಬಿಸಿಲೆಯ ಹೆಂಚಿನ ಮನೆಯಲ್ಲಿ ಲಿಫ್ಟು! ಹಿಂದೆಯೇ ಬಾಗಿಲು ತೆರೆದ ಸದ್ದು, ವಯಸ್ಸಾದ ಗಂಡಸಿನ ಕೆಮ್ಮು, ಅನಂತರ ಸ್ಪಷ್ಟವಾಗಿ, “ಬಂದೆ ಕಣೋ ಚಿನ್ನು, ಒಬ್ನೇ ಇದ್ದೇನೋ?”

ಅದು ತೀರಿಕೊಂಡವರ ಧ್ವನಿಯೇ. ಕೆಮ್ಮೂ ಅವರದೇ. ನಾವು ನಿಂತಲ್ಲಿಯೇ ನಿಂತುಬಿಟ್ಟೆವು.

ಆ ವರ್ಷದ ಕೊನೆಯಲ್ಲಿ ಅವರ ಮಗಳು ವಿದೇಶದಿಂದ ಬಂದಾಗ ಹೇಳುವುದೋ ಬಿಡುವುದೋ ಎಂದು ಬಹಳ ಯೋಚಿಸಿದೆವು. ಹೇಳಿದೆವು. ಆಕೆ ಎರಡು ದಿನ ಆ ಕೋಣೆಯಲ್ಲಿ ಕಾದು ಕುಳಿತಳು. ಚಿನ್ನು ಹೊಸಬರ ಮುಂದೆ ಬಾಯಿ ಬಿಡಲಿಲ್ಲ. ಹೊರಡುವ ಬೆಳಗ್ಗೆ ಕಾರಿನ ಬಾಗಿಲು ಹಾಕಿದ ಸಪ್ಪಳ ಕೇಳಿ ಒಳಗಿನಿಂದ ಆ ಧ್ವನಿ ಬಂತು: “ಹುಷಾರು ಮಗಾ, ತಲುಪಿದ್ಮೇಲೆ ಫೋನ್ ಮಾಡು.” ಆ ಹುಡುಗಿ ಕಾರಿನಿಂದಿಳಿದು ಜಗಲಿಯ ಮೆಟ್ಟಿಲ ಮೇಲೆ ಕುಳಿತು ಅತ್ತದ್ದನ್ನು ಇಂದಿಗೂ ಮರೆತಿಲ್ಲ. ಹೇಳಿದ್ದು ಸರಿಯೇ ತಪ್ಪೇ ಎಂಬುದರಲ್ಲಿ ಮನೆಯವರಲ್ಲಿ ಈಗಲೂ ಎರಡು ಅಭಿಪ್ರಾಯಗಳಿವೆ.

ಗಿಳಿಯ ಮಾತು ಬರಿಯ ಅನುಕರಣೆಯೆಂದು ಹೇಳುವವರುಂಟು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಕೊಂಡು ಮೂವತ್ತು ವರ್ಷ ತರಬೇತಿ ನೀಡಿದ ಅಲೆಕ್ಸ್ ಎಂಬ ಬೂದು ಗಿಳಿ ನೂರಕ್ಕೂ ಹೆಚ್ಚು ಪದಗಳನ್ನು ಬಲ್ಲುದಾಗಿತ್ತು. ಬಣ್ಣ, ಆಕಾರಗಳನ್ನು ಗುರುತಿಸಿ, ಆರರವರೆಗಿನ ಎಣಿಕೆಯನ್ನು ಕೇಳಿದಾಗ ಹೇಳುತ್ತಿತ್ತು. ಅದು 2007ರಲ್ಲಿ ಸತ್ತಿತು. ಚಿನ್ನುವಿಗೆ ಅಷ್ಟು ವಿದ್ಯೆಯಿಲ್ಲ. ಆದರೆ ಯಾವ ಸದ್ದಿಗೆ ಯಾವ ಮಾತು ಸಲ್ಲುತ್ತದೆಂದು ಅದು ಬಲ್ಲುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಬೂದು ಗಿಳಿಗೆ ಈ ಊರಿನ ಹವೆ ಒಗ್ಗಿಸುವುದು ಸುಲಭವಾಗಿರಲಿಲ್ಲ. ಸುಣ್ಣದಂಶದ ಕೊರತೆ ಈ ಜಾತಿಗೆ ಬೇಗ ತಗಲುತ್ತದೆ. ಮೈಗೆ ಬಿಸಿಲು ಬೀಳದಿದ್ದರೆ ತಿಂದ ಸುಣ್ಣದಂಶವೂ ಹಿಡಿಯುವುದಿಲ್ಲ. ಆರಿದ್ರಾ ಮಳೆಯಿಂದ ಮಖೆಯವರೆಗೆ ಬಿಸಿಲನ್ನು ಎಲ್ಲಿಂದ ತರುವುದು? ಬೆಂಗಳೂರಿನಲ್ಲಿ ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದಿದ್ದ ಹಕ್ಕಿಯನ್ನು ರಾಗಿಯ ಅಂಬಲಿ, ಮೊಳಕೆಕಾಳು, ನುಗ್ಗೆಸೊಪ್ಪು, ಪರಂಗಿ ಹಣ್ಣಿಗೆ ತಿರುಗಿಸಲು ಎಂಟು ತಿಂಗಳು ಹಿಡಿಯಿತು. ಮಳೆಗಾಲದ ಒಂದೊಂದು ಹೊಳವಿಗೂ ಪಂಜರವನ್ನು ಕಣಕ್ಕೆ ಹೊತ್ತೊಯ್ಯುವುದು ನಮಗೆ ಮೆಣಸು ಒಣಹಾಕುವಷ್ಟೇ ಮುಖ್ಯವಾದ ಕೆಲಸವಾಯಿತು. ಬೂಷ್ಟು ಹಿಡಿದ ಕಡಲೆಕಾಯಿಯನ್ನಂತೂ ಮನೆಯೊಳಗೇ ತರುವುದಿಲ್ಲ. ಬೂಷ್ಟಿನಿಂದ ಈ ಹಕ್ಕಿಗಳ ಶ್ವಾಸಕೋಶ ಕೆಡುತ್ತದೆ.

2022ರ ಜುಲೈನಲ್ಲಿ ತುಮಕೂರಿನ ಕುಟುಂಬವೊಂದು ಸಾಕಿದ್ದ ಎರಡು ಬೂದು ಗಿಳಿಗಳಲ್ಲಿ ರುಸ್ತುಮಾ ಎಂಬುದು ಹಾರಿಹೋದ ಸಂಗತಿ ಪತ್ರಿಕೆಗಳಲ್ಲಿ ಬಂದದ್ದು ಓದುಗರಿಗೆ ನೆನಪಿರಬಹುದು. ಹುಡುಕಿಕೊಟ್ಟವರಿಗೆ 50,000 ರೂಪಾಯಿ ಎಂದು ಊರೆಲ್ಲ ಭಿತ್ತಿಪತ್ರ ಹಚ್ಚಿದ ಆ ಮನೆಯವರು, ಹಕ್ಕಿ ಸಿಕ್ಕಾಗ ಸಂತೋಷದಿಂದ 85,000 ರೂಪಾಯಿ ಕೊಟ್ಟರು. ಒಂದು ಹಕ್ಕಿಗೆ ಅಷ್ಟೊಂದೇ ಎಂದು ಹಲವರು ಆಡಿಕೊಂಡರು. ನಾವು ಆಡಿಕೊಳ್ಳಲಿಲ್ಲ. ಒಡನಾಡಿಯನ್ನು ಕಳೆದುಕೊಂಡ ಇನ್ನೊಂದು ಗಿಳಿ ಮನೆಯಲ್ಲಿ ಹೇಗಿದ್ದಿರಬಹುದೆಂಬುದೇ ನಮ್ಮ ಯೋಚನೆಯಾಗಿತ್ತು.

ಹೀಗೆ ನಾನಾ ಕಡೆಯಿಂದ ಬಂದ ಗಿಳಿಗಳನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆನ್ನುವವರು ಮೈಸೂರಿನ ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನಕ್ಕೆ ಹೋಗಬೇಕು. ಒಂದೇ ಪಕ್ಷಿಧಾಮದಲ್ಲಿ 468 ಜಾತಿಯ ಹಕ್ಕಿಗಳಿರುವುದಕ್ಕಾಗಿ 2017ರಲ್ಲಿ ಅದಕ್ಕೆ ಗಿನ್ನೆಸ್ ದಾಖಲೆಯ ಮನ್ನಣೆ ದೊರೆಯಿತು. 2018ರಲ್ಲಿ ನಾವು ತಾಯಿಯವರನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಎತ್ತರದ ಬಲೆಯ ಕೆಳಗೆ ಪಂಚರಂಗಿ ಮಕಾವ್‌ಗಳು ತಲೆಯ ಮೇಲೆ ಹಾದುಹೋಗುವಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಲ್ಲಿ ಗಾಯಗೊಂಡ, ಕೈಬಿಟ್ಟ ಹಕ್ಕಿಗಳಿಗೆ ಚಿಕಿತ್ಸೆಯ ಏರ್ಪಾಡೂ ಇದೆ. ತಾಯಿಯವರು ಬಹಳ ಹೊತ್ತು ಬಲೆಯ ಕಡೆಗೇ ನೋಡುತ್ತಿದ್ದು, “ಎಷ್ಟು ದೂರದವು, ಪಾಪ. ಇವಕ್ಕೆ ವಾಪಸ್ ಹೋಗೋಕೆ ಊರೇ ಇಲ್ಲ. ಇದ್ದಲ್ಲೇ ಚೆನ್ನಾಗಿ ನೋಡ್ಕಬೇಕು,” ಎಂದರು. ಈ ಮಾತಿನ ಇನ್ನೊಂದು ಮಗ್ಗುಲು ನಮಗೆ ಗೊತ್ತಾದದ್ದು ಮರುವರ್ಷ.

2019ರ ಮಾರ್ಚಿನಲ್ಲಿ ಹೂಮಳೆಗೆ ಮುಂಚೆ ಬೀಸಿದ ಗಾಳಿಗೆ ತೋಟದ ಹಳೆಯ ಗೋಣಿಮರದ ಕೊಂಬೆಯೊಂದು ಪೊಟರೆಯ ಸಮೇತ ಸೀಳಿ ಬಿತ್ತು. ಮರಕುಟಿಗ ಕೊರೆದು ಬಿಟ್ಟ ಆ ಪೊಟರೆಯಲ್ಲಿ ನೀಲಿ ರೆಕ್ಕೆಯ ಗಿಳಿಗಳು ಮರಿ ಮಾಡಿದ್ದವು. ಮೂರು ಮರಿಗಳಲ್ಲಿ ಎರಡು ಸತ್ತಿದ್ದವು. ಒಂದಕ್ಕೆ ಜೀವವಿತ್ತು, ಗರಿ ಮೂಡಿತ್ತು, ಹಾರಲು ಬಾರದು. ಮೊದಲು ಮಾಡಬೇಕಾದದ್ದು ಮರಿಯನ್ನು ಗೂಡಿಗೆ ಹಿಂದಿರುಗಿಸುವುದು. ಇಲ್ಲಿ ಗೂಡೇ ಉಳಿದಿರಲಿಲ್ಲ. ಬುಟ್ಟಿಯೊಂದನ್ನು ಅದೇ ಮರಕ್ಕೆ ಕಟ್ಟಿ ಒಂದು ಹಗಲು ಕಾದೆವು. ತಾಯಿಹಕ್ಕಿ ಬರಲಿಲ್ಲ. ಅರಣ್ಯ ಇಲಾಖೆಯ ಸಿಬ್ಬಂದಿಗೆ ತಿಳಿಸಿದೆವು. ಅವರು ಬಂದು ನೋಡಿ, ಹಾರುವಷ್ಟಾದ ಕೂಡಲೇ ಇಲ್ಲಿಯೇ ಬಿಡಬೇಕೆಂಬ ಕಟ್ಟುನಿಟ್ಟಿನ ಮಾತಿನ ಮೇಲೆ ನಮ್ಮ ಬಳಿಯೇ ಇರಗೊಟ್ಟರು.

ನಮ್ಮ ಹಕ್ಕಿಗಳ ರೋಗ ಕಾಡಿನ ಹಿಂಡಿಗೆ ಹೋಗಬಾರದೆಂದು ಮರಿಯನ್ನು ಕಣದಾಚೆಯ ಉಗ್ರಾಣದಲ್ಲಿಟ್ಟು, ಕೈ ತೊಳೆದೇ ಹೋಗಿ ಬರುತ್ತಿದ್ದೆವು. ಉಗುರು ಬೆಚ್ಚಗಿನ ಗಂಜಿ, ಆಮೇಲೆ ಅತ್ತಿಯ ಹಣ್ಣು, ಹಾಲುವಾಣದ ಕೊನೆಯ ಹೂಗಳು. ರೋಗಕ್ಕೆ ಗೋಡೆ ಅಡ್ಡವಿರಬಹುದು, ಸದ್ದಿಗೆ ಅಡ್ಡವಿಲ್ಲ. ಹಸಿದ ಮರಿಯ ಕಿರುಚು ಕೇಳಿ ಚಿನ್ನು ವಾರದೊಳಗೆ ಅದನ್ನು ಕಲಿಯಿತು. ಮರಿ ಅತ್ತ ಕೂಗಿದರೆ ಇತ್ತ ಚಿನ್ನು ಕೂಗಿ ನಮ್ಮನ್ನು ಎಬ್ಬಿಸುತ್ತಿತ್ತು. ಕೊನೆಕೊನೆಗೆ ಯಾರ ಹಸಿವು ಯಾವುದೆಂದೇ ತಿಳಿಯದಾಯಿತು.

ಆರು ವರ್ಷದ ಮೊಮ್ಮಗಳು ಮರಿಗೆ ‘ನೀಲಿ’ ಎಂದು ಹೆಸರಿಟ್ಟು ಮಾತು ಕಲಿಸಲು ಹೊರಟಳು. ಅದೂ ಅವಳ ಹೆಗಲೇರತೊಡಗಿತು. ಸತ್ಯ ಹೇಳಬೇಕೆಂದರೆ, ನಮ್ಮಲ್ಲಿಯೂ ಆಸೆ ಹುಟ್ಟಿತ್ತು. ಈ ಕಾಡಿನ ಹೊರಗೆ ಬದುಕಿಕೊಂಡದ್ದೇ ಅದರ ಪುಣ್ಯ, ಗಿಡುಗನ ಬಾಯಿಗೆ ಬೀಳುವುದಕ್ಕಿಂತ ಮನೆಯಲ್ಲಿರುವುದು ಲೇಸಲ್ಲವೇ, ಯಾರು ಬಂದು ಕೇಳುತ್ತಾರೆ ಎಂದು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಾತು ಬಂತು. ತಾಯಿಯವರು ತಟ್ಟೆಯಿಂದ ಕೈ ತೆಗೆದರು.

“ಇಪ್ಪತ್ಮೂರು ವರ್ಷ ನಾನು ಒಂದು ಹಕ್ಕಿ ಸಂಜೆ ಸಂಜೆ ಒದ್ದಾಡೋದು ನೋಡಿವ್ನಿ. ಅದಕ್ಕೆ ರೆಕ್ಕೆ ಇರ್ಲಿಲ್ಲ. ಇದಕ್ಕೆ ಐತೆ. ಇನ್ನೊಂದು ಶಾಸ್ತ್ರಿ ಈ ಮನೇಲಿ ಬ್ಯಾಡ.”

ಮಾತು ಅಲ್ಲಿಗೆ ಮುಗಿಯಿತು. ಮೊಮ್ಮಗಳು ಅತ್ತಳು. ಅಜ್ಜಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಕ್ಕಮಹಾದೇವಿ ಕಾಡಿನಲ್ಲಿ ಅಲೆಯುತ್ತ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಳಿಗಳನ್ನು ಕೇಳಿದ ಕಥೆಯನ್ನು ಹೇಳಿದರು. ಪಂಜರದ ಗಿಳಿಗಳನ್ನು ಕೇಳಿದ್ದರೆ ಅವಕ್ಕೇನು ಗೊತ್ತಿರುತ್ತಿತ್ತು ಎಂದು ಕೇಳಿದರು. ಹುಡುಗಿಗೆ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯದು. ಮರುದಿನದಿಂದ ಉಗ್ರಾಣಕ್ಕೆ ಹೋಗುವುದನ್ನು ತಾನಾಗಿಯೇ ನಿಲ್ಲಿಸಿದಳು. ನಾವೂ ಕೈಯಲ್ಲಿ ತಿನ್ನಿಸುವುದನ್ನು ಬಿಟ್ಟು, ಹಣ್ಣಿನ ಗೊಂಚಲನ್ನು ಕೊಂಬೆಯ ಸಮೇತ ಕಟ್ಟಿಬರತೊಡಗಿದೆವು.

ಏಪ್ರಿಲ್ ಕೊನೆಯ ವಾರದ ಒಂದು ಬೆಳಗ್ಗೆ, ಹಿಂಡು ಹತ್ತಿರದ ಅತ್ತಿಮರಕ್ಕೆ ಬಂದಿಳಿದಾಗ ಉಗ್ರಾಣದ ಕಿಟಕಿ ತೆರೆದೆವು. ಅದು ಹಾರಿಹೋಗಿ ಮಾಡಿನ ಅಂಚಿನಲ್ಲಿ ಕುಳಿತು ಮಧ್ಯಾಹ್ನದವರೆಗೆ ಅಲ್ಲಿಂದ ಕದಲಲಿಲ್ಲ. ಸಂಜೆ ತಾನೇ ಒಳಗೆ ಬಂತು. ಮೂರು ದಿನ ಹೀಗೆಯೇ. ಮೂರನೆಯ ಸಂಜೆ ಮಳೆ ಹೊಡೆಯಿತು, ನೆನೆದು ನಡುಗುತ್ತ ಬಂತು. ಕಿಟಕಿ ಮುಚ್ಚಿಬಿಡೋಣವೆಂದು ಕೈ ಮುಂದಾದದ್ದು ನಿಜ. ಮುಚ್ಚಲಿಲ್ಲ. ನಾಲ್ಕನೆಯ ದಿನ ಹೋದದ್ದು ಬರಲಿಲ್ಲ. ಅದು ಉಳಿಯಿತೋ ಗಿಡುಗನ ಪಾಲಾಯಿತೋ ನಾವು ಅರಿಯೆವು. ಮುಂದಿನ ವರ್ಷ ಹಾಲುವಾಣದ ಹೂವಿಗೆ ಬಂದ ಹಿಂಡಿನಲ್ಲಿ ಕೊರಳ ಪಟ್ಟಿ ಇನ್ನೂ ತುಂಬಿರದ ಎಳೆಯ ಹಕ್ಕಿಗಳು ನಾಲ್ಕಾರಿದ್ದವು. ಅವುಗಳಲ್ಲೊಂದು ನಮ್ಮದೆಂದು ಮೊಮ್ಮಗಳು ಬೆರಳು ಮಾಡಿ ತೋರಿಸಿದಳು, ನಾವು ಅಲ್ಲವೆನ್ನಲಿಲ್ಲ.

ತಾಯಿಯವರು 2021ರ ಮಳೆಗಾಲದಲ್ಲಿ ಲಿಂಗೈಕ್ಯರಾದರು. ಕಾಕಟೀಲ್‌ಗಳು ಅದಕ್ಕೆ ಮೊದಲೇ ಹೋಗಿದ್ದವು. ಈಗ ಉಳಿದಿರುವುದು ಚಿನ್ನು ಒಂದೇ. ಬೂದು ಗಿಳಿಗಳು ನಲವತ್ತು, ಐವತ್ತು ವರ್ಷ ಬಾಳುತ್ತವೆ. ಲೆಕ್ಕ ಹಾಕಿದರೆ ನಮ್ಮ ಅನಂತರವೂ ಅದಕ್ಕೆ ಆಯುಸ್ಸಿದೆ. ಮಾರುವವರು ಈ ಲೆಕ್ಕವನ್ನು ಯಾರಿಗೂ ಹೇಳುವುದಿಲ್ಲ. ಈ ಜಾತಿಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ಅತ್ಯಂತ ಕಠಿಣವಾದ ನಿರ್ಬಂಧವಿದೆ. ಇಂತಹ ಪರದೇಶದ ಜೀವಿಗಳನ್ನು ಸಾಕಿರುವವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ನಿಯಮವನ್ನೂ ಹೊರಡಿಸಿದೆ. ಬಜರಿಗಾರ್, ಕಾಕಟೀಲ್‌ಗಳು ಆ ಪಟ್ಟಿಯಲ್ಲಿಲ್ಲ. ಬೂದು ಗಿಳಿ, ಮಕಾವ್, ಕಾಕಟೂಗಳನ್ನು ಸಾಕಿರುವ ಬಂಧುಗಳು ಇದನ್ನು ಗಮನಿಸಬೇಕು. ನಾವು ಅರ್ಜಿ ತುಂಬುವಾಗ ಅದರಲ್ಲಿ ಒಡೆಯನ ಹೆಸರು ಕೇಳಿತ್ತು. ನಮ್ಮ ಹೆಸರನ್ನು ಬರೆದೆವು. ಅದೇ ದಿನ ಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ನಮ್ಮ ತರುವಾಯ ಚಿನ್ನುವನ್ನು ಮೊಮ್ಮಗಳು ನೋಡಿಕೊಳ್ಳತಕ್ಕದ್ದೆಂದು ಬರೆದು, ಅದರ ಕೆಳಗೆ ರಾಗಿಯ ಅಂಬಲಿಯ ಅಳತೆ, ಬಿಸಿಲಿನ ಹೊತ್ತು, ಬೆಣ್ಣೆಹಣ್ಣಿನ ಎಚ್ಚರಿಕೆ ಎಲ್ಲವನ್ನೂ ಬರೆದಿಟ್ಟೆವು. ಹುಡುಗಿ ಓದಿ ರುಜು ಹಾಕಿದಳು.

ಚಿನ್ನು ಈಗ ಲಿಫ್ಟಿನ ಗಂಟೆಯನ್ನು ಅಪರೂಪಕ್ಕೆ ಬಾರಿಸುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಡಿನ ಹಿಂಡು ಬಂದಾಗ ಹಸಿದ ಮರಿಯ ಕಿರುಚನ್ನು ತಪ್ಪದೆ ಕೂಗುತ್ತದೆ. ಹಿಂಡಿನ ಹಕ್ಕಿಗಳು ಕೆಲವೊಮ್ಮೆ ಮಾಡಿನ ಮೇಲಿಳಿದು ಅತ್ತಿತ್ತ ನೋಡುತ್ತವೆ. ಮಿಕ್ಕಂತೆ ಅದರ ಮಾತೆಲ್ಲ ನಮ್ಮ ತಾಯಿಯವರದೇ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಾವೆಲ್ಲ ಊಟ ಮುಗಿಸಿ ಒರಗಿದ್ದೆವು. ನಡುಮನೆಯಿಂದ, “ಮಳೆ ಬಂತು, ಕಣದಾಗಿನ ಬಟ್ಟೆ ತೆಗೀರೇ!” ಎಂಬ ಧ್ವನಿ ಕೇಳಿ ಸೊಸೆ ನಿದ್ದೆಗಣ್ಣಿನಲ್ಲಿಯೇ, “ಬಂದೆ ಅವ್ವಾ,” ಎಂದು ಎದ್ದು ಓಡಿದಳು. ಅಂಗಳ ದಾಟಿದ ಮೇಲೆಯೇ ಅವಳಿಗೆ ನೆನಪಾದದ್ದು. ಆದರೆ ಬೆಟ್ಟದ ಕಡೆಯಿಂದ ಮಳೆ ನಿಜವಾಗಿಯೇ ಬರುತ್ತಿತ್ತು. ಅವಳು ಬಟ್ಟೆಗಳನ್ನೆಲ್ಲ ಎಳೆದುಕೊಂಡು ಒಳಗೆ ಬಂದಳು.